ಅಂಟಿನ ಹದ

ಮೇಸ್ತ್ರಿಗೆ ಹೊಗಳಿಸಿಕೊಳ್ಳುವುದೆಂದರೆ ಪ್ರಾಣ, ಹೊಗಳುವುದಕ್ಕೆ ಮಾತ್ರ ಮಹಾ ಜಿಪುಣ. ಐವತ್ತು ವರ್ಷ ಬೂಟು ಹೊಲಿದವನ ಹತ್ತಿರ ಅರ್ಧ ಬೀದಿ ಕೆಲಸ ಕಲಿತಿತ್ತು. ಒಬ್ಬನಿಗಾದರೂ ‘ಭೇಷ್’ ಅಂದವನಲ್ಲ. ಸ್ವಂತ ಮಗನನ್ನಂತೂ ‘ನಿನಗೆ ಚೀಲ ಹೊರೋದೇ ಸರಿ’ ಎಂದು ತಯಾರಾದ ಬೂಟುಗಳನ್ನು ಅಂಗಡಿಗಳಿಗೆ ಮುಟ್ಟಿಸುವ ಕೆಲಸಕ್ಕೆ ಹಚ್ಚಿಬಿಟ್ಟಿದ್ದ. ಅಂಥವನು ಬಾಯಿ ತುಂಬ ಹೊಗಳುತ್ತಿದ್ದದ್ದು ಸೊಸೆಯೊಬ್ಬಳನ್ನೇ. ಅದೂ ಅವಳ ಅಡುಗೆಯನ್ನಲ್ಲ, ನಡತೆಯನ್ನಲ್ಲ, ಮೂಗನ್ನು.

ಬೂಟಿನ ಅಟ್ಟೆಯನ್ನು ಮೇಲಿನ ಚರ್ಮಕ್ಕೆ ಕೂರಿಸಬೇಕಾದರೆ ಎರಡಕ್ಕೂ ಸಲ್ಯೂಷನ್ ಬಳಿದು ಆ ಅಂಟು ಹದಕ್ಕೆ ಬರುವ ತನಕ ಕಾಯಬೇಕು. ಬೇಗ ಒತ್ತಿದರೆ ಜಾರುತ್ತದೆ, ತಡವಾದರೆ ಹಿಡಿಯುವುದಿಲ್ಲ. ಬೇರೆಯವರು ಬೆರಳು ಮುಟ್ಟಿಸಿ ನೋಡುತ್ತಾರೆ. ಬೆರಳು ಮುಟ್ಟಿದಲ್ಲಿ ಅಂಟು ಎದ್ದುಬರುತ್ತದೆ, ಆರು ತಿಂಗಳಲ್ಲಿ ಬೂಟು ಅಲ್ಲೇ ಬಾಯಿ ಬಿಡುತ್ತದೆ ಎಂದು ಮೇಸ್ತ್ರಿಯ ವಾದ. ಅವನದು ಮೂಗಿನ ಶಾಸ್ತ್ರ. ಅಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದುಕೊಳ್ಳಬೇಕು. ವಾಸನೆ ಮೊದಲು ಚುಚ್ಚುತ್ತದೆ, ಆಮೇಲೆ ಸಿಹಿಯಾಗುತ್ತದೆ. ಆ ಸಿಹಿ ಇನ್ನೇನು ಹೋಯಿತು ಅನ್ನುವ ಗಳಿಗೆಯಲ್ಲಿ ಒತ್ತಿಬಿಡಬೇಕು. ಆ ಗಳಿಗೆಯನ್ನು ಹಿಡಿಯಲು ಅವನ ಶಿಷ್ಯರಿಗೆ ವರ್ಷಗಟ್ಟಲೆ ಬೇಕಾಗುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಮದುವೆಯಾಗಿ ಬಂದ ಸೊಸೆ ಒಂದೇ ತಿಂಗಳಲ್ಲಿ ಹಿಡಿದಳು.

“ಮಗನಿಗೆ ಅವರಮ್ಮನ ಬುದ್ಧಿ ಬಂತು, ಏನು ಮಾಡೋದು? ಮೂಗನ್ನ ಬೇರೆ ಮನೆಯಿಂದ ತರಬೇಕಾಯ್ತು” ಎಂದು ಮೇಸ್ತ್ರಿ ಬೀದಿಗೆಲ್ಲ ಸಾರಿದ.

“ಅವರಮ್ಮನ ಬುದ್ಧಿ ಇದ್ದಿದ್ದಕ್ಕೇ ಈ ಮನೇಲಿ ಎರಡು ಹೊತ್ತು ಒಲೆ ಉರೀತಿರೋದು” ಎಂದು ಅವನ ಹೆಂಡತಿ ಒಳಗಿನಿಂದಲೇ ತಿರುಗೇಟು ಕೊಟ್ಟಳು.

ಅಂದಿನಿಂದ ಅಂಟಿಸುವ ಕೆಲಸ ಸೊಸೆಯದಾಯಿತು. ಮೇಸ್ತ್ರಿ ಬೀದಿಬದಿಯ ಕೋಣೆಯಲ್ಲಿ ಬಾಗಿಲು ತೆರೆದಿಟ್ಟು ಹೊಲಿಯುತ್ತಿದ್ದ. ಸೊಸೆ ನಡುಮನೆಯಲ್ಲಿ ಕಿಟಕಿ ಮುಚ್ಚಿಕೊಂಡು ಅಂಟಿಸುತ್ತಿದ್ದಳು. ಕಿಟಕಿ ತೆಗೆದರೆ ಧೂಳು ಕೂತು ಅಂಟು ಕೆಡುತ್ತದೆ, ಫ್ಯಾನು ಹಾಕಿದರೆ ಹದ ತಪ್ಪುತ್ತದೆ. ಕೆಲಸ ಮುಗಿದ ಮೇಲೆ ಕೈಗೆ ಮೆತ್ತಿದ ಅಂಟನ್ನು ಥಿನ್ನರಿನಲ್ಲಿ ತೊಳೆದು, ಆಮೇಲೆ ಸೋಪು ಹಚ್ಚಿ, ನೇರವಾಗಿ ಒಲೆಯ ಮುಂದೆ ಹೋಗುತ್ತಿದ್ದಳು. ‘ಈ ಮನೆ ಅನ್ನಕ್ಕೂ ಸಲ್ಯೂಷನ್ ವಾಸನೆ’ ಎಂದು ಅವಳ ಗಂಡ ಹೊಸದರಲ್ಲಿ ತಮಾಷೆ ಮಾಡುತ್ತಿದ್ದ. ಬರುಬರುತ್ತ ಯಾರಿಗೂ ಅದು ಗೊತ್ತಾಗದೆ ಹೋಯಿತು.

ಆ ವರ್ಷ ಶಾಲೆ ಬೂಟಿನ ದೊಡ್ಡ ಆರ್ಡರು ಬಂದ ತಿಂಗಳೇ ಸೊಸೆ ಸುಸ್ತು ಸುಸ್ತು ಅನ್ನತೊಡಗಿದಳು. ಒಂದು ದಿನ ಬೆಳಗಿನ ಊಟಕ್ಕೆ ಎಲ್ಲರೂ ಕೂತಿದ್ದಾಗ ಅನ್ನದ ಪಾತ್ರೆ ಅವಳ ಕೈಜಾರಿ ಬಿತ್ತು.

“ಅನ್ನ ಚೆಲ್ಲೋ ಅಷ್ಟು ನಿದ್ದೇನಾ? ಹೊತ್ತು ಏರಿದ ಮೇಲೆ ಏಳ್ತೀಯ, ಆದ್ರೂ ತೂಕಡಿಸ್ತೀಯ. ಮೈಗಳ್ಳತನಕ್ಕೂ ಒಂದು ಮಿತಿ ಬೇಡ್ವಾ” ಎಂದಳು ಅತ್ತೆ. ಮರುಗಳಿಗೆ ಅವಳ ಕಣ್ಣು ಸೊಸೆಯ ಮೊಣಕೈ ಮೇಲೆ ಬಿತ್ತು. “ಅದೇನೇ ಅದು, ಕಪ್ಪಗೆ? ಯಾರಾದ್ರೂ ನೋಡಿದ್ರೆ ನನ್ನ ಮಗ ಹೊಡೆದ ಅಂತಾರೆ.”

“ಎಲ್ಲೋ ತಾಗಿರಬೇಕು ಅತ್ತೆ.”

“ಕಾಲ ಮೇಲೂ ಇದೆ ಅಜ್ಜಿ, ಮೂರು ಕಡೆ” ಎಂದಳು ಮೊಮ್ಮಗಳು. ಹದಿನೇಳು ವರ್ಷದ ಅವಳಿಗೆ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರು. ಸೋತ ವಾದ ಒಂದೂ ಇರಲಿಲ್ಲ. “ಹಲ್ಲುಜ್ಜಿದ್ರೆ ರಕ್ತ ಬರುತ್ತೆ. ಆ ಕೋಣೆ ಕಿಟಕಿ ತೆಗೀರಿ ಅಂತ ಎಷ್ಟು ಸಲ ಹೇಳಿದೆ?”

“ಶುರುವಾಯ್ತಪ್ಪ ಕೋರ್ಟು” ಎಂದ ಮೇಸ್ತ್ರಿ.

“ಡಬ್ಬಿ ಮೇಲೆ ಬರೆದಿದೆ ತಾತ, ಗಾಳಿಯಾಡೋ ಜಾಗದಲ್ಲೇ ಬಳಸಿ, ಮೂಸಬೇಡಿ ಅಂತ. ಒಂದ್ಸಲನಾದ್ರೂ ಓದಿದ್ದೀಯಾ?”

“ನಾನು ಡಬ್ಬಿ ಓದಿ ಕೆಲಸ ಕಲಿತವನಲ್ಲ ಕಣೇ. ಒಂದೇ ಒಂದ್ಸಲ ಕಿಟಕಿ ತೆಗೆದಿದ್ದಕ್ಕೆ ನಲವತ್ತು ಜೊತೆ ವಾಪಸ್ ಬಂತು. ಧೂಳು ಕೂತರೆ ಮುಗೀತು.”

“ಬೂಟಿಗೆ ಧೂಳು ಕೂರಬಾರದು, ಅಮ್ಮನ ಒಳಗೆ ವಿಷ ಕೂರಬಹುದಾ?”

“ವಿಷ ಅಂತೆ! ಐವತ್ತು ವರ್ಷದಿಂದ ಇದೇ ಗಾಳಿ ಕುಡೀತಿದ್ದೀನಿ. ಗುಂಡುಕಲ್ಲಿನ ಹಾಗಿದ್ದೀನಿ ನೋಡು.”

“ನೀನು ಬಾಗಿಲ ಹತ್ರ ಕೂತು ಹೊಲೀತೀಯ ತಾತ. ಹತ್ತೊಂಬತ್ತು ವರ್ಷದಿಂದ ಮೂಸ್ತಿರೋದು ಅಮ್ಮ.”

ವಾದದಲ್ಲಿ ಸೋತ ಗಂಡಸರು ಏನು ಮಾಡುತ್ತಾರೋ ಮೇಸ್ತ್ರಿ ಅದನ್ನೇ ಮಾಡಿದ: ದನಿ ಎತ್ತರಿಸಿ, ತಟ್ಟೆ ತಳ್ಳಿ, ಅರ್ಧ ಊಟಕ್ಕೇ ಎದ್ದುಹೋದ. ಸೊಸೆ ಚೆಲ್ಲಿದ ಅನ್ನವನ್ನು ಬಳಿದು, ನೆಲ ಒರೆಸಿ, ನಡುಮನೆಯ ಬಾಗಿಲು ಹಾಕಿಕೊಂಡು ಕೆಲಸಕ್ಕೆ ಕೂತಳು.

ಹಾಗಂತ ಮೇಸ್ತ್ರಿ ಕಟುಕನಲ್ಲ. ಆ ವಾರವೇ ಅವಳನ್ನು ಬೀದಿ ಕೊನೆಯ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದ. ಮಗ ಬೂಟು ಮುಟ್ಟಿಸಲು ಅಂಗಡಿಗಳಿಗೆ ಹೋಗಿದ್ದ. ಸೊಸೆ “ನೀನೂ ಬಾರೇ” ಎಂದು ಮಗಳನ್ನು ಕರೆದಳು. ಲಾಯರಮ್ಮನಿಗೆ ಮರುದಿನ ಪರೀಕ್ಷೆಯಿತ್ತು, ಪುಸ್ತಕದಿಂದ ತಲೆ ಎತ್ತದೆ “ತಾತ ಇದ್ದಾನಲ್ಲ” ಎಂದಳು.

ಡಾಕ್ಟರು ಸೊಸೆಯ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಕೈಮೇಲಿನ ಕಪ್ಪು ಕಲೆಗಳನ್ನು ಒತ್ತಿ ನೋಡಿದರು.

“ಏನು ಕೆಲಸ ಮಾಡ್ತೀರಮ್ಮ? ಬಣ್ಣ, ಅಂಟು, ಔಷಧಿ ಹೊಡೆಯೋದು, ಅಂಥದ್ದೇನಾದ್ರೂ ಇದೆಯಾ?”

ಸೊಸೆ ಬಾಯಿ ತೆರೆಯುವುದರೊಳಗೆ ಮೇಸ್ತ್ರಿ ಉತ್ತರಿಸಿದ. “ಏನಿಲ್ಲ ಸಾರ್. ಅಡುಗೆ, ಮನೆಗೆಲಸ ಅಷ್ಟೆ. ನಮ್ಮನೆ ಸೊಸೇನ ನಾವು ಕೆಲಸಕ್ಕೆ ಹಾಕಲ್ಲ.”

“ಖಾತ್ರಿ ತಾನೇ? ರಾಸಾಯನಿಕದ ಕೆಲಸ ಇದ್ದಿದ್ರೆ ಇವತ್ತೇ ದೊಡ್ಡಾಸ್ಪತ್ರೆಗೆ ರಕ್ತ ಪರೀಕ್ಷೆಗೆ ಕಳಿಸ್ತಿದ್ದೆ.”

“ಖಾತ್ರಿ ಸಾರ್.”

ಯಾಕೆ ಹಾಗೆಂದ? ಹಿಂದಿನ ತಿಂಗಳಷ್ಟೇ ಯಾರೋ ಅಧಿಕಾರಿಗಳು ಬಂದು ಪಕ್ಕದ ಬೀದಿಯ ಬೂಟಿನ ಕಾರ್ಖಾನೆಗೆ ಬೀಗ ಜಡಿದಿದ್ದರು. ಡಾಕ್ಟರ ಬಾಯಿಂದ ಮಾತು ಎಲ್ಲಿಗೆ ಹೋಗುತ್ತದೋ ಎಂದು ಭಯವಿತ್ತು. ಶಾಲೆಗಳು ತೆರೆಯುವ ಹೊತ್ತಿಗೆ ಆರ್ಡರು ಮುಗಿಯಬೇಕಿತ್ತು. ಇದಕ್ಕೆಲ್ಲ ಮಿಗಿಲಾಗಿ, ಇಸ್ತ್ರಿ ಶರ್ಟು ಹಾಕಿಕೊಂಡು ಕೂತ ಆ ಡಾಕ್ಟರ ಮುಂದೆ, ಸೊಸೆಯನ್ನು ಕೂತಲ್ಲೇ ಕೂರಿಸಿ ಸಾಕುವ ಯಜಮಾನ ಅನ್ನಿಸಿಕೊಳ್ಳಬೇಕೆಂಬ ಒಂದು ಒಣ ಜಂಬ. ಸೊಸೆ ತಲೆ ತಗ್ಗಿಸಿಕೊಂಡು ಕೂತಿದ್ದಳು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ದಾರಿಯಲ್ಲಿ ಮೇಸ್ತ್ರಿ ಅವಳಿಗೆ ಒಂದು ಡಜನ್ ಮೊಟ್ಟೆ ಕೊಡಿಸಿದ. ಮನೆಯಲ್ಲಿ “ರಕ್ತ ಕಮ್ಮಿಯಂತೆ, ಅಷ್ಟೆ” ಎಂದ.

ಆಮೇಲಿನ ಏಳು ವಾರ ಸೊಸೆ ದಿನಾ ಒಂದು ಮೊಟ್ಟೆ ತಿಂದಳು, ಒಂದು ಮಾತ್ರೆ ನುಂಗಿದಳು, ಕಿಟಕಿ ಮುಚ್ಚಿದ ಕೋಣೆಯಲ್ಲಿ ದಿನಾ ಮೂವತ್ತು ಮೂವತ್ತೈದು ಜೊತೆ ಅಟ್ಟೆಗಳನ್ನು ಮೂಗಿಗೆ ಹಿಡಿದಳು. ಅತ್ತೆಗೆ ಎರಡನೇ ವಾರದಲ್ಲೇ ಇದು ಮೈಗಳ್ಳತನವಲ್ಲ ಎಂಬ ಅನುಮಾನ ಬಂತು. ಬೈಯುವುದನ್ನು ಬಿಟ್ಟು ಒಲೆಯ ಕೆಲಸವನ್ನು ಮಾತಾಡದೆ ತಾನೇ ವಹಿಸಿಕೊಂಡಳು. ನಾಲ್ಕನೇ ವಾರ ಜ್ವರ ಬಂತು, ಹೋಯಿತು, ಆರನೇ ವಾರ ಮತ್ತೆ ಬಂತು.

“ನಾಲ್ಕು ದಿನ ಮಲಗಲಿ ಬಿಡಿ” ಎಂದಳು ಮುದುಕಿ ಗಂಡನಿಗೆ. “ಆ ಹಾಳು ಅಂಟು ನಾನೇ ಬಳೀತೀನಿ.”

“ನಿನ್ನ ಮೂಗಿಗೆ ಹಾಲು ಸೀದಿದ್ದೇ ಗೊತ್ತಾಗಲ್ಲ. ಇನ್ನೊಂದು ಹತ್ತು ದಿನ. ಆರ್ಡರು ಮುಗೀಲಿ, ತಿಂಗಳುಗಟ್ಟಲೆ ಮಲಗಲಿ ಬೇಕಾದ್ರೆ.”

“ನಾನು ಮಾಡ್ತೀನಿ ಬಿಡಿ ಅತ್ತೆ” ಎಂದು ಸೊಸೆಯೂ ದನಿಗೂಡಿಸಿದಳು. “ಮಾವ ಒಪ್ಕೊಂಡಿರೋ ಕೆಲಸ.”

ಆರ್ಡರಿನ ಕೊನೆಯ ದಿನ ಅವಳ ಮೂಗಿನಿಂದ ರಕ್ತ ಬಂತು. ಆಟದ ಬಿಳೀ ಬೂಟಿನ ಮೇಲೆ ಮೂರು ಹನಿ ಬಿತ್ತು. ಅವಳು ಸೆರಗಿನಿಂದ ಮೂಗು ಒತ್ತಿ ಹಿಡಿದು ಗೋಡೆಗೊರಗಿದಳು. ಮೇಸ್ತ್ರಿ ಓಡಿಬಂದವನು ಮೊದಲು ಬೂಟನ್ನು ಎತ್ತಿಕೊಂಡ. ಬಟ್ಟೆಗೆ ಥಿನ್ನರ್ ಅದ್ದಿ ಕಲೆ ಉಜ್ಜಿದ. ಮೊದಲು ಬೂಟು, ಆಮೇಲೆ ಸೊಸೆ. ಆ ಕ್ರಮವನ್ನು ನೆನೆದು ಅವನು ಮುಂದೆ ಎಷ್ಟೋ ಸಲ ತನ್ನ ಕೈಯನ್ನು ತಾನೇ ಶಪಿಸಿಕೊಂಡ. ಅಂದು ಮಾತ್ರ ಕಲೆ ಹೋಗುವ ತನಕ ಉಜ್ಜಿದ. ರಕ್ತ ಒಂದು ಗಂಟೆಯಾದರೂ ನಿಲ್ಲಲಿಲ್ಲ. ಮಗ ಆಟೋ ತಂದ.

ದೊಡ್ಡಾಸ್ಪತ್ರೆಯಲ್ಲಿ ರಕ್ತ ತೆಗೆದರು, ಸೊಂಟದ ಮೂಳೆಗೆ ಸೂಜಿ ಹಾಕಿ ಮಜ್ಜೆ ತೆಗೆದರು. ಮೂರನೆಯ ದಿನ ಲೇಡಿ ಡಾಕ್ಟರು ಮನೆಯವರನ್ನು ಕರೆದರು. ಮಗ ಔಷಧಿ ತರಲು ಹೋಗಿದ್ದ. ಮೇಸ್ತ್ರಿ ಒಬ್ಬನೇ ಒಳಗೆ ಹೋದ.

“ರಕ್ತದ ಕ್ಯಾನ್ಸರ್” ಎಂದರು ಆಕೆ. “ಇವರು ಏನು ಕೆಲಸ ಮಾಡ್ತಿದ್ರು?”

ಈ ಸಲ ಮೇಸ್ತ್ರಿ ಎಲ್ಲವನ್ನೂ ಹೇಳಿದ. ಅಂಟು, ಕಿಟಕಿ, ಮೂಗು, ಥಿನ್ನರು, ಹತ್ತೊಂಬತ್ತು ವರ್ಷ. ಆಕೆ ಬರೆದುಕೊಳ್ಳುತ್ತ ಹೋದರು. ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವನ ಮುಖ ನೋಡಿದರು.

“ನೋಡಿ ಯಜಮಾನರೇ, ರಕ್ತದ ಕಣ ತಯಾರಾಗೋದು ಮೂಳೆ ಒಳಗಿನ ಮಜ್ಜೆಯಲ್ಲಿ. ಒಂದೊಂದು ಕಣದ ಒಳಗೂ ಅದು ಹೇಗೆ ಬೆಳೀಬೇಕು, ಯಾವಾಗ ನಿಲ್ಲಬೇಕು ಅಂತ ಬರೆದಿಟ್ಟ ಹಾಗೆ ಇರುತ್ತೆ. ಡಿ.ಎನ್.ಎ. ಅಂತಾರೆ. ನಿಮ್ಮ ಅಂಟಿನಲ್ಲಿ ಬೆಂಜೀನ್ ಇದ್ದಿರಬೇಕು. ಅದು ಉಸಿರಿನ ಜೊತೆ ಒಳಗೆ ಹೋಗಿ, ಮಜ್ಜೆ ತನಕ ಹೋಗಿ, ಆ ಬರಹನ ತುಂಡು ಮಾಡುತ್ತೆ. ದೇಹ ಸುಮ್ಮನಿರಲ್ಲ, ತುಂಡಾದ್ದನ್ನ ಜೋಡಿಸುತ್ತೆ. ಇವರ ದೇಹ ಹತ್ತೊಂಬತ್ತು ವರ್ಷ ಜೋಡಿಸಿದೆ. ಯಾವತ್ತೋ ಒಂದು ದಿನ, ಕೆಲವು ಕಡೆ, ತಪ್ಪಾಗಿ ಜೋಡಿಸ್ತು. ಆ ತಪ್ಪು ಕಣ ತನ್ನಂಥದ್ದೇ ಇನ್ನೊಂದನ್ನ ಮಾಡ್ತು. ಎರಡು ನಾಲ್ಕಾಯ್ತು.”

“ಮಾದರಿ ರಟ್ಟು” ಎಂದ ಮೇಸ್ತ್ರಿ.

“ಏನಂದ್ರಿ?”

“ಚರ್ಮ ಕತ್ತರಿಸೋಕೆ ಮೊದಲು ರಟ್ಟಿನಲ್ಲಿ ಮಾದರಿ ಮಾಡ್ಕೋತೀವಿ ತಾಯಿ. ಅದರಲ್ಲಿ ಕೂದಲೆಳೆ ತಪ್ಪಿದ್ರೂ ಅದನ್ನಿಟ್ಟು ಕತ್ತರಿಸಿದ ನೂರು ಜೊತೇನೂ ತಪ್ಪೇ.”

“ಹೌದು. ಹಾಗೇ.”

ಅಲ್ಲ ಅನ್ನಬಾರದಿತ್ತೇ ಆಕೆ ಅನ್ನಿಸಿತು ಮೇಸ್ತ್ರಿಗೆ. ಅರ್ಥವಾಗದಿದ್ದರೆ ಹಣೆಬರಹ ಎಂದು ಎದ್ದುಬರಬಹುದಿತ್ತು.

“ಇದೇ ಗಾಳೀಲಿ ಇದ್ದ ನನಗ್ಯಾಕೆ ಬರಲಿಲ್ಲ?”

“ಎಷ್ಟು ಒಳಗೆ ಹೋಯ್ತು ಅನ್ನೋದಿದೆ. ದೇಹ ದೇಹಕ್ಕೂ ವ್ಯತ್ಯಾಸ ಇದೆ. ಅದೃಷ್ಟನೂ ಇದೆ.”

“ಏಳು ವಾರ ಮೊದಲೇ ಕರಕೊಂಡು ಬಂದಿದ್ರೆ ತಾಯಿ?”

ಆಕೆ ಪೆನ್ನು ಮುಚ್ಚಿಟ್ಟರು. “ತಪ್ಪು ಜೋಡಣೆ ಆಗಿದ್ದು ಈ ಏಳು ವಾರದಲ್ಲಲ್ಲ, ಎಷ್ಟೋ ಮೊದಲು. ಆದ್ರೆ ಆಗ ಬಂದಿದ್ರೆ ಈಗ ಹತ್ತಿರೋ ಎದೆಯ ಸೋಂಕು ಇರ್ತಿರಲಿಲ್ಲ, ಮೈಯಲ್ಲಿ ಔಷಧಿ ತಡಕೊಳ್ಳೋ ಶಕ್ತಿ ಇರ್ತಿತ್ತು. ಉಳೀತಿದ್ರಾ ಅಂದ್ರೆ, ನನಗೆ ಗೊತ್ತಿಲ್ಲ.”

ಉಳಿಯುತ್ತಿದ್ದಳು ಅಂದಿದ್ದರೆ ಅಲ್ಲೇ ಬಿದ್ದು ಅತ್ತುಬಿಡುತ್ತಿದ್ದ. ಉಳಿಯುತ್ತಿರಲಿಲ್ಲ ಅಂದಿದ್ದರೆ ಉಸಿರಾಡುತ್ತಿದ್ದ. ಆಕೆ ಎರಡನ್ನೂ ಅನ್ನಲಿಲ್ಲ.

ಮನೆಗೆ ಬಂದು ಸಲ್ಯೂಷನ್ನಿನ ಡಬ್ಬಿಗಳನ್ನೆಲ್ಲ ಹೊರಗೆ ಹಾಕಿಸಿದ. ಅಂಟಿನಿಂದಲೇ ಬಂದ ರೋಗ ಎಂದು ಎಲ್ಲರಿಗೂ ಹೇಳಿದ. ಮೊದಲ ಡಾಕ್ಟರ ಹತ್ತಿರ ಏನಾಯಿತು ಎಂಬುದನ್ನು ಮಾತ್ರ ಹೇಳಲಿಲ್ಲ. ಯಾರೂ ಕೇಳಲಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಮೂರೇ ದಿನಕ್ಕೆ ಕೇಳುವವಳು ಕೇಳಿದಳು.

“ತಾತ, ಆ ಡಾಕ್ಟರು ಅಮ್ಮನ್ನ ಏನು ಕೆಲಸ ಮಾಡ್ತೀರಿ ಅಂತ ಕೇಳಲೇ ಇಲ್ವಾ?” ಲಾಯರಮ್ಮ ಪಾತ್ರೆ ತೊಳೆಯುತ್ತಿದ್ದಳು. ಅಡುಗೆ, ಬಟ್ಟೆ, ಆಸ್ಪತ್ರೆಯ ಬುತ್ತಿ ಎಲ್ಲ ಈಗ ಅವಳ ಮತ್ತು ಅಜ್ಜಿಯ ಪಾಲಿಗೆ ಬಿದ್ದಿತ್ತು.

“ಕೇಳಿದ್ರೇನೋ. ನೆನಪಿಲ್ಲ.”

“ಕೇಳಿರ್ತಾರೆ. ಅಮ್ಮ ನಾಚಿಕೊಂಡು ಬಾಯಿ ಬಿಟ್ಟಿರಲ್ಲ. ನಿನಗಂತೂ ಕಿವಿ ಮಂದ.” ಪಾತ್ರೆಯನ್ನು ಸದ್ದು ಮಾಡಿ ಇಟ್ಟಳು. “ನೀನೂ ಬಾ ಅಂದ್ಲು ತಾತ. ತಲೆ ಕೂಡ ಎತ್ತಲಿಲ್ಲ ನಾನು. ಹಾಳು ಪರೀಕ್ಷೆ. ನಾನಿದ್ದಿದ್ರೆ ಎಲ್ಲಾ ಹೇಳಿರ್ತಿದ್ದೆ.”

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಮೇಸ್ತ್ರಿ ಅವಳ ತಲೆ ಸವರಿ “ನಿನ್ನದೇನು ತಪ್ಪು ಮಗೂ” ಎಂದ, ಅಷ್ಟೆ. ಹುಡುಗಿ ಅವನ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅತ್ತಳು. ಮೊದಲನೆಯ ಸುಳ್ಳಿಗಾದರೂ ಭಯ, ಜಂಬ ಅಂತ ಏನೇನೋ ನೆಪವಿತ್ತು. ಈ ಎರಡನೆಯದಕ್ಕೆ ಯಾವ ನೆಪವೂ ಇರಲಿಲ್ಲ. ಮೊಮ್ಮಗಳ ಪ್ರೀತಿ ಕಳೆದುಕೊಳ್ಳಲು ಮನಸ್ಸಿರಲಿಲ್ಲ, ಅಷ್ಟೆ.

ಹತ್ತು ದಿನ ಹಾಗೇ ಕಳೆದವು. ಒಂದು ಮಧ್ಯಾಹ್ನ ಅವನೇ ಗಂಜಿ ತೆಗೆದುಕೊಂಡು ಆಸ್ಪತ್ರೆಗೆ ಹೋದ. ಸೊಸೆಯ ತಲೆಗೂದಲು ಉದುರಿತ್ತು. ತುಟಿ ಒಡೆದಿತ್ತು. ನಾಲ್ಕು ಚಮಚ ಕುಡಿದು ಸಾಕೆಂದಳು.

“ಅಡುಗೆ ಯಾರು ಮಾಡ್ತಿದ್ದಾರೆ ಮಾವ?”

“ಇಬ್ಬರೂ. ನಿನ್ನ ಮಗಳು ಅನ್ನ ಸೀಯಿಸ್ತಾಳೆ, ನಿಮ್ಮತ್ತೆ ಉಪ್ಪು ಮರೀತಾಳೆ. ಒಟ್ಟಿಗೆ ಸೇರಿಸಿ ತಿಂತೀವಿ.”

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಹೇಳಿದಳು: “ಲಾಯರಮ್ಮ ನಿನ್ನೆ ಬಂದು ನನ್ನ ಕಾಲು ಹಿಡಿದು ಅತ್ತಳು. ಅವತ್ತು ಬರಬೇಕಿತ್ತು ಅಂತ. ನೀವು ಅವಳಿಗೆ ಹೇಳಿಲ್ವಾ?”

ಮೇಸ್ತ್ರಿ ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿದ. “ನೀನು ಹೇಳಿದೆಯಾ?”

“ನಾನ್ಯಾಕೆ ಹೇಳ್ಲಿ? ಸುಳ್ಳು ಹೇಳಿದ್ದು ನಾನಲ್ವಲ್ಲ.”

ಹತ್ತೊಂಬತ್ತು ವರ್ಷದಲ್ಲಿ ಅವಳು ಅವನಿಗೆ ಎದುರಾಡಿದ್ದು ಅದೇ ಮೊದಲು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ತಲೆಬಾಗಿಸಿ ಬೈಸಿಕೊಳ್ಳುತ್ತಿದ್ದ.

“ಅಲ್ಲೇ ಕೂತಿದ್ದೆ ಮಾವ, ನನಗೂ ಬಾಯಿತ್ತು. ‘ನಮ್ಮನೆ ಸೊಸೇನ ಕೆಲಸಕ್ಕೆ ಹಾಕಲ್ಲ’ ಅಂತ ನೀವು ಎಷ್ಟು ಗತ್ತಿನಲ್ಲಿ ಹೇಳಿದ್ರಿ ಅಂದ್ರೆ, ಹೊರಗಿನವರ ಮುಂದೆ ನಿಮ್ಮನ್ನ ಸುಳ್ಳು ಮಾಡೋಕೆ ಮನಸ್ಸು ಬರಲಿಲ್ಲ. ಆ ಸುಮ್ಮನಿದ್ದಿದ್ದು ನನ್ನ ಪಾಲು. ಅದನ್ನ ನಾನು ಉಣ್ತಿದ್ದೀನಿ. ಮಗುವಿಗೆ ಯಾಕೆ ಬಡಿಸ್ತೀರಿ? ಅವಳು ಇದನ್ನ ಜೀವನ ಪೂರ್ತಿ ಹೊತ್ಕೊಂಡು ತಿರುಗ್ತಾಳೆ.”

“ಹೇಳಿದ್ರೆ ಅವಳು ನನ್ನ...”

“ಗೊತ್ತು” ಎಂದಳು ಸೊಸೆ. “ಆದ್ರೂ ಹೇಳಿ.”

ಮರುದಿನ ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಾಗ ಮೇಸ್ತ್ರಿ ಹೇಳಿದ. ಕಲಸಿದ ಅನ್ನದಲ್ಲಿ ಕೈಯಿಟ್ಟುಕೊಂಡೇ, ತಲೆಯೆತ್ತದೆ, ಡಾಕ್ಟರು ಕೇಳಿದ್ದನ್ನೂ ತಾನಂದದ್ದನ್ನೂ ಒಂದಕ್ಷರ ಬಿಡದೆ ಹೇಳಿದ. ಮಗ ತಟ್ಟೆಯ ಮುಂದಿನಿಂದ ಎದ್ದು, ಕೈ ಕೂಡ ತೊಳೆಯದೆ ಬೀದಿಗೆ ಇಳಿದು ಹೋದ.

“ನನ್ನ ಬಾಯಿಗೆ ಮಣ್ಣು ಹಾಕಾ” ಎಂದಳು ಹೆಂಡತಿ. “ಅವಳನ್ನ ಮೈಗಳ್ಳಿ ಅಂದೆನಲ್ರೀ ನಾನು.”

ಲಾಯರಮ್ಮ ಅಳಲಿಲ್ಲ.

“ರಾಸಾಯನಿಕದ ಕೆಲಸ ಇದ್ರೆ ಇವತ್ತೇ ಕಳಿಸ್ತಿದ್ದೆ ಅಂತ ಅವರು ಬಾಯಿಬಿಟ್ಟು ಹೇಳಿದ್ರಾ?”

“ಹೇಳಿದ್ರು.”

“ಆಮೇಲೂ ಇಲ್ಲ ಅಂದ್ಯಾ?”

“ಅಂದೆ.”

“ಪಾತ್ರೆ ತೊಳೀತಾ ನಾನು ಕೇಳಿದಾಗ, ನೆನಪಿತ್ತಾ ನಿನಗೆ?”

“ಇತ್ತು ಮಗೂ.”

ಅವಳು ಎದ್ದು, ಅಪ್ಪ ಬಿಟ್ಟುಹೋದ ತಟ್ಟೆ ಎತ್ತಿದಳು, ತನ್ನ ತಟ್ಟೆ ಎತ್ತಿದಳು. ತಾತನ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿ ಒಳಗೆ ಹೋದಳು.

ಸೊಸೆ ಮತ್ತೆ ಮನೆಗೆ ಬರಲಿಲ್ಲ. ಎದೆಯ ಸೋಂಕು ಜೋರಾಗಿ, ಔಷಧಿಯ ಎರಡನೆಯ ಸುತ್ತು ಮುಗಿಯುವ ಮೊದಲೇ ತೀರಿಕೊಂಡಳು. ಕೊನೆಯ ವಾರ ಮಗಳು ಅವಳ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಇಬ್ಬರೂ ನಗುತ್ತಿದ್ದರು ಕೂಡ ಎಂದು ನರ್ಸು ಹೇಳಿದಳು.

ಮೇಸ್ತ್ರಿ ಈಗ ಅಂಟಿಲ್ಲದ ಕೆಲಸ ಮಾಡುತ್ತಾನೆ. ಹಳೇ ಬೂಟಿಗೆ ಹೊಲಿಗೆ ಹಾಕುತ್ತಾನೆ, ಮೊಳೆ ಹೊಡೆಯುತ್ತಾನೆ. ಮಗ ಅವನ ಜೊತೆ ಬೇಕಾದಷ್ಟು ಮಾತ್ರ ಮಾತಾಡುತ್ತಾನೆ. ಹೆಂಡತಿ ಬೈಯುತ್ತಾಳೆ, ಬೈದು ಚಹಾ ಕೊಡುತ್ತಾಳೆ. ಲಾಯರಮ್ಮ ಯಾವುದರಲ್ಲೂ ಕಮ್ಮಿ ಮಾಡಿಲ್ಲ. ಬಟ್ಟೆ ಒಗೆದುಕೊಡುತ್ತಾಳೆ, ಕಣ್ಣಿನ ಔಷಧಿ ಹಾಕುತ್ತಾಳೆ, ಅನ್ನ ಈಗ ಸೀಯುವುದಿಲ್ಲ. ದಿನಾ ಒಂದು ಗಂಟೆಗೆ ಸರಿಯಾಗಿ ಬಾಗಿಲಲ್ಲಿ ಬಂದು ನಿಲ್ಲುತ್ತಾಳೆ. ಮೇಸ್ತ್ರಿ ಕೈಯಲ್ಲಿನ ದಬ್ಬಣ ಬಿಟ್ಟು, ಇವತ್ತಾದರೂ ತಾತ ಅಂದಾಳೇನೋ ಎಂದು ತಲೆ ಎತ್ತುತ್ತಾನೆ.

“ಊಟಕ್ಕೆ ಬನ್ನಿ” ಎನ್ನುತ್ತಾಳೆ, ಬೂಟು ಹೊಲಿಸಲು ಬಂದ ಗಿರಾಕಿಗೆ ಅನ್ನುವ ಹಾಗೆ.